ಟಕ್ ಅಂತ ಎಗರೋ ದುಂಬಿ ಗುರುತು ಹಿಡಿಯೋದು ಹೇಗೆ (ದಾವಣಗೆರೆ, ಚಿತ್ರದುರ್ಗ ಕಡೆಯವರಿಗೆ)

ಮುಂಗಾರು ಶುರುವಾಗಿ ಎರಡು ಮಳೆ ಬಿದ್ರೆ ಸಾಕು, ನಮ್ ಕಡೆ ಮನೆ ಮುಂದಿನ ಲೈಟ್ ಕೆಳಗೆ ಜಾತ್ರೆ. ಈಸಲು ಹುಳ, ಗೊಬ್ಬರದ ಹುಳ, ಮಿಡತೆ, ಹೆಸರೇ ಗೊತ್ತಿಲ್ದಿರೋ ಇನ್ನೂ ಏನೇನೋ. ಅದರ ಮಧ್ಯೆ ಉದ್ದಕ್ಕಿರೋ ಕಂದು ಬಣ್ಣದ ಒಂದು ದುಂಬಿ ಅಂಗಾತ ಬಿದ್ದು ಸತ್ತಂಗೆ ಸುಮ್ನಿದ್ದು, ಇದ್ದಕ್ಕಿದ್ದಂಗೆ ಟಕ್ ಅಂತ ಸೌಂಡ್ ಮಾಡಿ ಗೇಣುದ್ದ ಮೇಲಕ್ಕೆ ಎಗರಿತು ಅಂದ್ರೆ ಅದು ಕ್ಲಿಕ್ ಬೀಟಲ್. ಈ ದುಂಬಿಗಳ ಕುಟುಂಬಕ್ಕೆ ಎಲಾಟೆರಿಡೇ ಅಂತಾರೆ, ಪ್ರಪಂಚದಲ್ಲಿ ಹತ್ತತ್ರ 10,000 ಜಾತಿಗೆ ಹೆಸರಿಟ್ಟಿದಾರೆ, ಅಂಟಾರ್ಕ್ಟಿಕಾ ಒಂದು ಬಿಟ್ಟು ಎಲ್ಲಾ ಖಂಡದಲ್ಲೂ ಐತೆ.

ಫೋಟೋ ಹೊಡೆದು ಫೋನಲ್ಲಿರೋ ಯಾವುದೋ ಆಪ್‌ಗೆ ಹಾಕಿದ್ರೆ ಹೆಸರು ಬಂದೇ ಬರುತ್ತೆ, ಅದರಲ್ಲಿ ಡೌಟೇ ಇಲ್ಲ. ಪ್ರಾಬ್ಲಮ್ ಏನಂದ್ರೆ ಅದು ಕೊಡೋ ಹೆಸರು ಎಷ್ಟೋ ಸಲ ಕೆನಡಾದ್ದೋ ಜರ್ಮನಿದ್ದೋ ಆಗಿರುತ್ತೆ, ಯಾಕಂದ್ರೆ ಅಲ್ಲಿನವರು ಫೋಟೋ ಹಾಕಿರೋದು ಜಾಸ್ತಿ, ನಮ್ಮವು ಕಡಿಮೆ. ಹಾಗಾಗಿ ಇಲ್ಲಿ ನಾನು ಹೇಳೋ ದಾರಿ ಬೇರೆ. ಮೊದಲು ಮೈ ನೋಡಿ ಇದು ಕ್ಲಿಕ್ ಬೀಟಲ್ ಹೌದೋ ಅಲ್ವೋ ತೀರ್ಮಾನ ಮಾಡ್ಕೊಳ್ಳೋದು, ಆಮೇಲೆ ಯಾವ ಗುಂಪು ಯಾವ ದೇಶದಲ್ಲಿ ಇರುತ್ತೆ ಅನ್ನೋದನ್ನ ಇಟ್ಕೊಂಡು ಆಗದೇ ಇರೋ ಹೆಸರೆಲ್ಲ ಹೊಡೆದು ಹಾಕೋದು, ಉಳಿದಿದ್ದನ್ನ ಜೀನಸ್ (ಹತ್ತಿರದ ಜಾತಿಗಳ ಗುಂಪು) ಮಟ್ಟಕ್ಕೆ ತಂದು ನಿಲ್ಲಿಸೋದು. ಜಾತಿ ಹೆಸರು ಬೇಕೇ ಬೇಕು ಅಂತ ಹಠ ಮಾಡಿದ್ರೆ ಕೆಲಸ ಕೆಡುತ್ತೆ.

ಹುಡುಕೋದು ಸುಲಭ. ಮನೆ ತಾರಸಿ ಮೇಲೋ ತೋಟದ ಮನೆ ಜಗಲೀಲೋ ಒಂದು ಬಿಳಿ ಪಂಚೆ ಕಟ್ಟಿ ಅದರ ಮುಂದೆ ಲೈಟ್ ಹಾಕ್ರಿ. ಹಳೇ ಟ್ಯೂಬ್‌ಲೈಟ್, ಸಿಎಫ್ಎಲ್, ಮರ್ಕ್ಯುರಿ ಬಲ್ಬ್ ಇದ್ರೆ ಒಳ್ಳೇದು, ಎಲ್ಇಡಿಗೆ ಹುಳ ಅಷ್ಟಾಗಿ ಬರಲ್ಲ ಯಾಕಂದ್ರೆ ಅದರಲ್ಲಿ ನೇರಳಾತೀತ ಬೆಳಕು ಇಲ್ಲ ಅನ್ನೋವಷ್ಟು ಕಡಿಮೆ. ಮಳೆ ಬಂದು ನಿಂತು ಗಾಳಿ ಇಲ್ದೆ ಸೆಕೆ ಇರೋ ಸಂಜೆ ಬೆಸ್ಟ್, ಕತ್ತಲಾದ ಮೇಲೆ ಮೊದಲ ಎರಡು ಗಂಟೆ ಕೂತ್ರೆ ಸಾಕು. ಬೆಳದಿಂಗಳು ಜೋರಾಗಿರೋ ದಿನ ಕೂರೋದು ವೇಸ್ಟ್. ಹಗಲಲ್ಲಿ ಆದ್ರೆ ಕೊಳೆತ ಮರದ ದಿಮ್ಮಿ, ಸಡಿಲಾದ ತೊಗಟೆ ಸಂದಿ, ಕಲ್ಲಿನ ಅಡಿ, ಜೋಳದ ಸೋಗೆ ಬುಡ, ಇವೆಲ್ಲ ನೋಡ್ರಿ. ಕಲ್ಲು ಎತ್ತಿದ್ರೆ ವಾಪಸ್ ಹಂಗೇ ಇಡ್ರಿ, ಮತ್ತೆ ಕಲ್ಲನ್ನ ನಿಮ್ಮ ಕಡೆಗೆ ಎಳೆದು ಎತ್ತಬೇಕು, ಆಕಡೆ ತಳ್ಳಿ ಅಲ್ಲ, ಚೇಳು ಗೀಳು ಇದ್ರೆ ಕಲ್ಲೇ ಅಡ್ಡ ಇರುತ್ತೆ. ಚಿತ್ರದುರ್ಗದ ಬಂಡೆ ನಾಡಲ್ಲಿ ಇದನ್ನ ಯಾರಿಗೂ ಹೇಳಿಕೊಡೋದು ಬೇಡ, ಆದ್ರೂ ಹೇಳಿದೀನಿ.

ಲೈಟ್ ಹತ್ರ ಕೂರೋರಿಗೆ ಇನ್ನೊಂದು ಮಾತು. ಅದೇ ಬೆಳಕಿಗೆ ಕಪ್ಪು ಕಿತ್ತಳೆ ಪಟ್ಟೆಯ ಸಣ್ಣ ತೆಳ್ಳನೆ ಹುಳ ಒಂದು ಬರುತ್ತೆ, ಇರುವೆ ತರ ಓಡಾಡುತ್ತೆ, ಜನ ಆಸಿಡ್ ಹುಳ ಅಂತಾರಲ್ಲ ಅದು, ಹೆಸರು ಪೀಡರಸ್. ಕುತ್ತಿಗೆ ಮೇಲೆ ಕೂತಾಗ ಅಂಗೈಯಲ್ಲಿ ಒರೆಸಿಬಿಟ್ರೆ ಮಾರನೇ ದಿನಕ್ಕೆ ಸುಟ್ಟ ಗಾಯದಂಗೆ ಬೊಬ್ಬೆ ಏಳುತ್ತೆ. ಅದನ್ನ ಜಜ್ಜದೆ ಊದಿ ಹಾರಿಸ್ರಿ. ಕ್ಲಿಕ್ ಬೀಟಲ್ ಮಾತ್ರ ಪಾಪದ್ದು, ಕೈಯಲ್ಲಿ ಹಿಡ್ಕೊಂಡ್ರೆ ಕಚ್ಚಲ್ಲ, ವಿಷ ಇಲ್ಲ, ಬೊಬ್ಬೆ ಬರಲ್ಲ.

ಸರಿ, ಒಂದು ಸಿಕ್ತು ಅನ್ಕೊಳ್ಳಿ. ಹೆಬ್ಬೆಟ್ಟು ತೋರುಬೆಟ್ಟಿನ ಮಧ್ಯೆ ಮೆತ್ತಗೆ ರೆಕ್ಕೆ ಭಾಗ ಹಿಡೀರಿ, ತಲೆ ಎದೆ ಹೊರಗೆ ಇರಲಿ. ಒಂದೆರಡು ಸೆಕೆಂಡಲ್ಲಿ ಅದು ತಲೆ ಎದೆ ಸೇರಿಸಿ ಮೇಲೆ ಕೆಳಗೆ ಟಕ್ ಟಕ್ ಅಂತ ಬಡಿಯೋಕೆ ಶುರು ಮಾಡುತ್ತೆ, ಆ ಬಡಿತ ಬೆರಳಿಗೇ ಗೊತ್ತಾಗುತ್ತೆ, ಇಷ್ಟು ಸಣ್ಣ ಹುಳಕ್ಕೆ ಇಷ್ಟು ಶಕ್ತಿ ಎಲ್ಲಿಂದ ಬಂತು ಅನ್ಸುತ್ತೆ. ಇದು ಕಂಡ್ರೆ ಮುಕ್ಕಾಲು ಭಾಗ ಕೆಲಸ ಮುಗೀತು.

ಈಗ ತಿರುಗಿಸಿ ಹೊಟ್ಟೆ ಕಡೆ ನೋಡ್ರಿ. ಮುಂದಿನ ಕಾಲುಗಳ ನಡುವೆ ಎದೆ ಅಡಿಯಿಂದ ಹಿಂದಕ್ಕೆ ಚಾಚಿರೋ ಒಂದು ಮುಳ್ಳು ಕಾಣುತ್ತೆ, ಅದರ ಎದುರಿಗೆ ಮಧ್ಯದ ಎದೆಯಲ್ಲಿ ಒಂದು ಕುಳಿ. ಹಳೇ ಮನೆ ಬಾಗಿಲ ಅಗುಳಿ ಹೆಂಗೆ ತೂತಿಗೆ ಹೋಗಿ ಕೂರುತ್ತೋ ಹಂಗೆ ಈ ಮುಳ್ಳು ಆ ಕುಳಿಗೆ ಕೂರುತ್ತೆ. ಅಂಗಾತ ಬಿದ್ದಾಗ ಹುಳ ಮೈನ ಕಮಾನಿನಂಗೆ ಬಗ್ಗಿಸುತ್ತೆ, ಮುಳ್ಳು ಕುಳಿಯ ಅಂಚಿಗೆ ಸಿಕ್ಕಿ ನಿಲ್ಲುತ್ತೆ, ಒಳಗೆ ಸ್ನಾಯು ಬಿಗಿಯಾಗ್ತಾ ಹೋಗುತ್ತೆ, ಕೊನೆಗೆ ಅಂಚಿಂದ ಜಾರಿ ಒಂದೇ ಏಟಿಗೆ ಒಳಗೆ ಹೋಗಿ ಕೂರುತ್ತೆ, ಆಗ ಬರೋದೇ ಆ ಸೌಂಡು. ಎಗರೋದಕ್ಕೆ ಕಾಲಿನ ಸಹಾಯ ಏನೂ ಇಲ್ಲ, ಮಿಡತೆ ತರ ಅಲ್ಲ. ಮುಂದಕ್ಕೂ ಹೋಗಲ್ಲ, ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ಹೋಗಿ ಗಾಳೀಲಿ ಪಲ್ಟಿ ಹೊಡೆದು ಬೀಳುತ್ತೆ, ಬಿದ್ದಾಗ ಕಾಲ ಮೇಲೇ ಬೀಳುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಮತ್ತೆ ಅಂಗಾತ ಬಿದ್ರೆ ಮತ್ತೆ ಎಗರುತ್ತೆ. ಇದನ್ನ ಸ್ಲೋ ಮೋಷನ್‌ನಲ್ಲಿ ಹಿಡೀಬೇಕಂದ್ರೆ ಗಟ್ಟಿ ನೆಲ ಬೇಕು, ಕಡಪ ಕಲ್ಲೋ ಟೈಲ್ಸೋ ಓಕೆ, ಚಾಪೆ ಮೇಲೆ ಸರಿಯಾಗಿ ಎಗರಲ್ಲ.

ಮೇಲಿಂದ ನೋಡುವಾಗ ಎರಡು ಗುರುತು. ತಲೆ ಹಿಂದಿನ ಎದೆಯ ಮೇಲಿರೋ ಗಟ್ಟಿ ತಟ್ಟೆ ಐತಲ್ಲ, ಪ್ರೊನೋಟಮ್ ಅಂತಾರೆ, ಅದರ ಹಿಂದಿನ ಎರಡು ಮೂಲೆ ಚೂಪಾಗಿ ರೆಕ್ಕೆ ಕಡೆಗೆ ಚಾಚಿರುತ್ತೆ. ಇದು ಬಹಳ ಮುಖ್ಯ, ಫೋಟೋದಲ್ಲಿ ಇದೊಂದು ಕ್ಲಿಯರ್ ಇದ್ರೆ ಗೊತ್ತಿರೋರು ತಕ್ಷಣ ಹೇಳ್ತಾರೆ. ಎರಡನೇದು ಒಟ್ಟು ಆಕಾರ, ಉದ್ದ, ಎರಡು ಪಕ್ಕ ಸಮಾನಾಂತರ, ಹಿಂದಕ್ಕೆ ಸಣ್ಣಗಾಗ್ತಾ ಹೋಗುತ್ತೆ. ಮೀಸೆ ಗರಗಸದ ಹಲ್ಲಿನಂಗೆ ಇರೋದು ಜಾಸ್ತಿ, ಕೆಲವು ಗುಂಪಲ್ಲಿ ಗಂಡಿನ ಮೀಸೆ ಬಾಚಣಿಗೆಯಂಗೆ ಕವಲೊಡೆದಿರುತ್ತೆ. ಸೈಜ್ ಮೇಲೆ ಭರವಸೆ ಇಡಬೇಡಿ, 2-3 ಮಿಲಿಮೀಟರ್‌ನವೂ ಇದಾವೆ, ಆಫ್ರಿಕಾದ ಟೆಟ್ರಾಲೋಬಸ್ ಅನ್ನೋ ಗುಂಪಲ್ಲಿ 7-8 ಸೆಂಟಿಮೀಟರ್ ತನಕ ಬೆಳೆಯೋವೂ ಇದಾವೆ. ಬಣ್ಣ ಅಂತೂ ಕೇಳಲೇಬೇಡಿ, ಜಾಸ್ತಿ ಇರೋದು ಕಂದು, ಕಪ್ಪು, ಬೂದಿ, ಅದೇ ತಿರುಗಾ ಮುರುಗಾ, ಬಣ್ಣ ನೋಡಿ ಹೆಸರಿಡೋರು ಕ್ಲಿಕ್ ಬೀಟಲ್ ಬಿಟ್ಟು ಚಿಟ್ಟೆ ಕಡೆ ಹೋಗೋದು ಒಳ್ಳೇದು.

ಮೋಸ ಮಾಡೋ ಹುಳಗಳು ಯಾವುವು ಅಂದ್ರೆ ಮೊದಲನೇದು ನಮ್ಮ ಜೀರ್ಜಿಂಬೆ ಬಳಗ. ಜಾಲಿ ಮರದಲ್ಲಿ ಸಿಗೋ ಹಸಿರು ಮಿಂಚಿನ ದಪ್ಪ ಜೀರ್ಜಿಂಬೆ ಯಾರಿಗೂ ಕನ್‌ಫ್ಯೂಸ್ ಆಗಲ್ಲ, ಬೆಂಕಿಪೊಟ್ಟಣದಲ್ಲಿ ಸೊಪ್ಪು ಹಾಕಿ ಸಾಕಿದೋರೇ ಎಲ್ಲಾ. ಆದ್ರೆ ಅದೇ ಕುಟುಂಬದ ಸ್ಫೆನಾಪ್ಟೆರಾ ಅಂತ ಒಂದೈತೆ, ಶೇಂಗಾ ಗಿಡದ ಕಾಂಡ ಕೊರೆಯೋದು, ಚಳ್ಳಕೆರೆ ಕಡೆ ಶೇಂಗಾ ಬೆಳೆಯೋರು ಇದನ್ನ ಗಮನದಲ್ಲಿಡಿ, ಸಣ್ಣದು, ಉದ್ದಕ್ಕೆ, ಕಪ್ಪಗೆ ಲೋಹದ ಹೊಳಪು, ದೂರದಿಂದ ಥೇಟ್ ಕ್ಲಿಕ್ ಬೀಟಲ್. ವ್ಯತ್ಯಾಸ ಏನಂದ್ರೆ ಅದರ ಎದೆ ಹಿಂದಿನ ಭಾಗಕ್ಕೆ ಬಿಗಿಯಾಗಿ ಅಂಟ್ಕೊಂಡಿರುತ್ತೆ, ಅಲ್ಲಾಡಲ್ಲ, ಕೈಯಲ್ಲಿ ಹಿಡಿದ್ರೆ ಟಕ್ ಅನ್ನಲ್ಲ. ಇನ್ನೊಂದು ನೆಲದಲ್ಲಿ ಓಡಾಡೋ ಕಪ್ಪು ಬೂದಿ ಬಣ್ಣದ ಡಾರ್ಕ್ಲಿಂಗ್ ದುಂಬಿಗಳು, ಇವಕ್ಕೆ ಪಾದದ ಗಿಣ್ಣು ಮುಂದಿನ ನಾಲ್ಕು ಕಾಲಲ್ಲಿ 5-5, ಹಿಂದಿನ ಕಾಲಲ್ಲಿ 4. ಕ್ಲಿಕ್ ಬೀಟಲ್‌ಗೆ ಆರೂ ಕಾಲಲ್ಲಿ 5. ಲೆನ್ಸ್ ಇದ್ರೆ ಎಣಿಸಬಹುದು. ಕ್ಲಿಕ್ ಬೀಟಲ್ ತರಾನೇ ಟಕ್ ಅನ್ನೋ ಹತ್ತಿರದ ಸಂಬಂಧಿ ಕುಟುಂಬಾನೂ ಒಂದೈತೆ, ಯೂಕ್ನೆಮಿಡೇ ಅಂತ, ಅದರ ಗೋಜಿಗೆ ಈಗಲೇ ಹೋಗಬೇಡಿ.

ಈಗ ದೇಶದ ವಿಚಾರ. ಇಲ್ಲೇ ಜನ ಎಡವೋದು.

ನೆಟ್ಟಲ್ಲಿ ಕ್ಲಿಕ್ ಬೀಟಲ್ ಅಂತ ಹೊಡೆದ್ರೆ ಮೊದಲು ಬರೋದು ಎದೆ ಮೇಲೆ ಎರಡು ದೊಡ್ಡ ಕಪ್ಪು ಕಣ್ಣಿನ ಗುರುತು, ಸುತ್ತ ಬಿಳಿ ಬಳೆ ಇರೋ ದುಂಬಿ. ಅದು ಅಲೌಸ್ ಒಕ್ಯುಲೇಟಸ್, ಉತ್ತರ ಅಮೆರಿಕದ ಪೂರ್ವ ಮತ್ತು ಮಧ್ಯ ಭಾಗದ್ದು, ಎರಡೂವರೆಯಿಂದ ನಾಲ್ಕೂವರೆ ಸೆಂಟಿಮೀಟರ್ ಉದ್ದ. ಜೋಗಿಮಟ್ಟಿಯಲ್ಲಿ ಇದು ಸಿಗಲ್ಲ. ಏಷ್ಯಾದಲ್ಲಿ ಇದರ ಸಂಬಂಧಿಕರು ಕ್ರಿಪ್ಟಲೌಸ್ ಅನ್ನೋ ಜೀನಸ್‌ನವು, 1967ರಲ್ಲಿ ಓಹಿರಾ ಅನ್ನೋ ಜಪಾನಿ ತಜ್ಞರು ಇವನ್ನ ಬೇರೆ ಮಾಡಿ ಹೆಸರಿಟ್ರು, ಅದಕ್ಕೇ ಹಳೇ ಪುಸ್ತಕದಲ್ಲಿ ನಮ್ಮವೂ ಅಲೌಸ್ ಅಂತಲೇ ಇರ್ತಾವೆ. ಇವು ಬೂದಿ ಕಂದು ಬಿಳಿ ಕಲೆಸಿದ ಬಣ್ಣ, ತೊಗಟೆ ಮೇಲೆ ಕೂತ್ರೆ ಎದುರಿಗಿದ್ರೂ ಕಾಣಲ್ಲ. ದೊಡ್ಡ ಸೈಜಿನ, ಮರದ ತೊಗಟೆ ಬಣ್ಣದ ಕ್ಲಿಕ್ ಬೀಟಲ್ ಸಿಕ್ರೆ ಮೊದಲು ಈ ಹೆಸರು ನೆನಪಿಸ್ಕೊಳ್ಳಿ.

ಎರಡನೇ ಗೊಂದಲ ಬೆಳಕು ಕೊಡೋದು. ಪೈರೋಫೋರಸ್ ಅನ್ನೋ ಗುಂಪಿನ ಕ್ಲಿಕ್ ಬೀಟಲ್‌ಗಳು ಎದೆ ತಟ್ಟೆಯ ಹಿಂದಿನ ಮೂಲೆ ಹತ್ರ ಎರಡು ಹಸಿರು ದೀಪ ಇಟ್ಕೊಂಡಿರ್ತಾವೆ, ಮಿಣಮಿಣ ಅನ್ನಲ್ಲ, ಒಂದೇ ಸಮ ಉರಿಯುತ್ತೆ. ಅವು ಇರೋದು ಅಮೆರಿಕ ಖಂಡಗಳ ಬಿಸಿ ಪ್ರದೇಶದಲ್ಲಿ. ಬೆಳಗೋ ಕ್ಲಿಕ್ ಬೀಟಲ್ ಫಿಜಿ, ವನವಾಟು ದ್ವೀಪಗಳಲ್ಲೂ ಇದಾವೆ, ಚೀನಾದ ಯುನ್ನಾನ್‌ನಲ್ಲೂ ಒಂದು ಸಿಕ್ಕಿದ್ದು 2019ರಲ್ಲಿ ಪ್ರಕಟ ಆಯ್ತು. ಇದರಲ್ಲಿ ನನಗೆ ತುಂಬಾ ಇಷ್ಟ ಆಗೋದು ಬ್ರೆಜಿಲ್‌ನ ಕಥೆ. ಅಲ್ಲಿ ಸೆರಾಡೋ ಹುಲ್ಲುಗಾವಲಲ್ಲಿ, ಎಮಾಸ್ ರಾಷ್ಟ್ರೀಯ ಉದ್ಯಾನದಲ್ಲಿ, ಮಳೆಗಾಲ ಶುರುವಾದ ಟೈಮಿಗೆ ಗೆದ್ದಲು ಹುತ್ತಗಳು ರಾತ್ರಿ ಹಸಿರು ಚುಕ್ಕಿ ಚುಕ್ಕಿಯಾಗಿ ಹೊಳೀತಾವೆ. ಒಳಗೆ ಕೂತಿರೋದು ಪೈರೆಯರಿನಸ್ ಅನ್ನೋ ಕ್ಲಿಕ್ ಬೀಟಲ್‌ನ ಮರಿಹುಳಗಳು, ಹುತ್ತದ ಮೇಲ್ಮೈಯಲ್ಲಿ ಸಣ್ಣ ಸುರಂಗ ಮಾಡ್ಕೊಂಡು ಎದೆ ಬೆಳಗಿಸಿ ಬಾಯಿ ತೆರ್ಕೊಂಡು ಕಾಯ್ತಾವೆ, ಬೆಳಕು ನೋಡಿ ಬಂದ ಈಸಲು ಹುಳ ಸೀದಾ ಬಾಯಿಗೆ. ನಮ್ಮ ಬಯಲುಸೀಮೆಯಲ್ಲಿ ಹುತ್ತಕ್ಕೇನೂ ಬರ ಇಲ್ಲ, ಈಸಲು ಹುಳಕ್ಕೂ ಇಲ್ಲ, ಈ ದುಂಬಿ ಮಾತ್ರ ಇಲ್ಲ. ಹಾಗಾಗಿ ದಾವಣಗೆರೆ ಸುತ್ತ ರಾತ್ರಿ ಬೆಳಕು ಕೊಡೋ ಹುಳ ಕಂಡ್ರೆ ಅದು ಮಿಣುಕುಹುಳ, ಬೇರೆ ಕುಟುಂಬ, ಅದರ ದೀಪ ಹೊಟ್ಟೆ ತುದೀಲಿ.

ಮೂರನೇದು ರೈತರಿಗೆ ಸಂಬಂಧಪಟ್ಟಿದ್ದು. ಕ್ಲಿಕ್ ಬೀಟಲ್ ಮರಿಹುಳಕ್ಕೆ ವೈರ್‌ವರ್ಮ್ ಅಂತಾರೆ, ಆಲೂಗಡ್ಡೆ, ಮೆಕ್ಕೆಜೋಳ, ಗೋಧಿ ಬೇರು ಬೀಜ ತಿನ್ನುತ್ತೆ ಅಂತ ಇಂಗ್ಲಿಷ್‌ನಲ್ಲಿ ಪೇಜುಗಟ್ಟಲೆ ಐತೆ. ಅದರಲ್ಲಿ ಮುಕ್ಕಾಲು ಪಾಲು ಬರೆದಿರೋದು ಅಗ್ರಿಯೋಟಿಸ್ ಜೀನಸ್ ಬಗ್ಗೆ, ಅದರಲ್ಲೂ ಯುರೋಪಿನ ಮೂರು ಜಾತಿ, ಲಿನಿಯಾಟಸ್, ಅಬ್ಸ್‌ಕ್ಯುರಸ್, ಸ್ಪ್ಯುಟೇಟರ್. ಇವು ಯುರೋಪಿಂದ ಕೆನಡಾಕ್ಕೂ ಹೋಗಿ ಸೇರ್ಕೊಂಡಿದಾವೆ. ಮಣ್ಣಲ್ಲಿ ನಾಲ್ಕೈದು ವರ್ಷ ಮರಿಹುಳ ಆಗೇ ಇರ್ತಾವೆ ಅನ್ನೋ ಲೆಕ್ಕ ಆ ಚಳಿ ದೇಶದ್ದು. ಜಪಾನಿನ ಓಕಿನಾವಾ ಕಡೆ ಕಬ್ಬಿಗೆ ಕಾಟ ಕೊಡೋದು ಮೆಲನೋಟಸ್ ಅನ್ನೋ ಬೇರೆ ಜೀನಸ್. ಹಾಗಾಗಿ ಅಲ್ಲಿನ ಔಷಧಿ, ಅಲ್ಲಿನ ಕ್ಯಾಲೆಂಡರ್ ನೋಡ್ಕೊಂಡು ಹರಿಹರದ ಹೊಲಕ್ಕೆ ಹೊಡೆಯೋದು ದುಡ್ಡು ದಂಡ.

ಹಂಗಾದ್ರೆ ನಮ್ಮ ಕಡೆ ಯಾವ ಜೀನಸ್ ಅಂತ ಹೆಂಗೆ ನೋಡೋದು? ಶುರು ಮಾಡೋರಿಗೆ ಮೂರು ಸಾಕು.

ಅಗ್ರಿಪ್ನಸ್, ಇದು ಯುರೋಪ್, ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾ ಎಲ್ಲಾ ಕಡೆ ಹರಡಿರೋ ದೊಡ್ಡ ಗುಂಪು, 1829ರಲ್ಲಿ ಹೆಸರಿಟ್ಟಿದ್ದು. ಮೈ ಮೇಲೆ ಸಣ್ಣ ಸಣ್ಣ ಪೊರೆಯಂಥ ಹುರುಪೆ ಇರುತ್ತೆ, ಮಣ್ಣು ಮೆತ್ತಿದಂಗೆ ಮಾಸಲು ಬಣ್ಣ, ಬೆರಳಲ್ಲಿ ಉಜ್ಜಿದ್ರೆ ಹುರುಪೆ ಉದುರಿ ಅಡಿಯ ಕಪ್ಪು ಕಾಣುತ್ತೆ. ತಿರುಗಿಸಿ ನೋಡಿದ್ರೆ ಎದೆ ಅಡಿಯಲ್ಲಿ ಎರಡು ಕಡೆ ಒಂದೊಂದು ಉದ್ದನೆ ತೋಡು, ಮೀಸೆ ಮಡಚಿ ಇಟ್ಕೊಳ್ಳೋಕೆ. ಮುಟ್ಟಿದ ತಕ್ಷಣ ಮೀಸೆ ಕಾಲು ಎಲ್ಲಾ ಒಳಗೆ ಎಳ್ಕೊಂಡು ಸತ್ತಂಗೆ ಬಿದ್ದಿರುತ್ತೆ, ಎಷ್ಟು ಹೊತ್ತು ಅಂದ್ರೆ ನಿಮಗೇ ಬೇಜಾರಾಗಿ ಎದ್ದು ಹೋಗ್ಬೇಕು. ಭಾರತದಲ್ಲಿ ಅಗ್ರಿಪ್ನಸ್ ಫಸ್ಕಿಪೆಸ್ ಅನ್ನೋ ದೊಡ್ಡ ಜಾತಿ ಐತೆ. ಚನ್ನಗಿರಿ, ಹೊಸದುರ್ಗ ಕಡೆ ತೆಂಗು ಇರೋರಿಗೆ ಇದು ಬೇಕಾದ ಹುಳ, ಯಾಕಂದ್ರೆ ತೆಂಗಿನ ಸುಳಿ ಕೊರೆಯೋ ರೈನೋ ದುಂಬಿಯ ಮೊಟ್ಟೆ ಮತ್ತೆ ಎಳೇ ಮರಿಹುಳ ತಿನ್ನೋ ಪರಭಕ್ಷಕಗಳ ಪಟ್ಟಿಯಲ್ಲಿ ಅಗ್ರಿಪ್ನಸ್ ಹೆಸರೂ ಐತೆ. ತಿಪ್ಪೆ ಗೊಬ್ಬರ ಕೆದಕುವಾಗ ದಪ್ಪ ಬಿಳಿ ಗೊಣ್ಣೆಹುಳದ ಜೊತೆ ತೆಳ್ಳಗೆ ಗಟ್ಟಿಯಾದ ಕಂದು ಹುಳ ಕಂಡ್ರೆ ಅದನ್ನೂ ಸೇರಿಸಿ ಕೋಳಿಗೆ ಹಾಕ್ಬೇಡಿ.

ಎರಡನೇದು ಕಾರ್ಡಿಯೋಫೋರಸ್. ಎರಡು ರೆಕ್ಕೆ ಸೇರೋ ಜಾಗದಲ್ಲಿ, ಎದೆ ತಟ್ಟೆ ಹಿಂದೆ, ಒಂದು ಪುಟ್ಟ ತ್ರಿಕೋನ ಇರುತ್ತಲ್ಲ, ಈ ಗುಂಪಲ್ಲಿ ಅದು ಹೃದಯದ ಆಕಾರ. ಹುಳ ಸಣ್ಣದು, ಎದೆ ಉಬ್ಬಿ ದುಂಡಗಿರುತ್ತೆ. ಮರಿಹುಳ ವೈರ್‌ವರ್ಮ್ ತರ ಗಟ್ಟಿ ಅಲ್ಲ, ಬೆಳ್ಳಗೆ ಮೆತ್ತಗೆ ದಾರದಂಗೆ ಉದ್ದ, ಮರಳು ಮಿಶ್ರಿತ ಮಣ್ಣು ಇಷ್ಟ. ಮೂರನೇದು ಮೇಲೆ ಹೇಳಿದ ಮೆಲನೋಟಸ್, ನೋಡೋಕೆ ಸಾದಾ ಕಂದು ಕಪ್ಪು, ಆದ್ರೆ ಪಾದದ ಉಗುರನ್ನ ಲೆನ್ಸಲ್ಲಿ ನೋಡಿದ್ರೆ ಬಾಚಣಿಗೆ ಹಲ್ಲು ಕಾಣುತ್ತೆ. ಈ ಮೂರರಲ್ಲಿ ಯಾವುದೂ ಅಲ್ಲ ಅಂದ್ರೆ ಎಲಾಟೆರಿಡೇ ಅಂತ ಬರೆದು ಬಿಟ್ಬಿಡಿ, ಅದರಲ್ಲಿ ಅವಮಾನ ಏನಿಲ್ಲ.

ಇನ್ನು ಹೊಲದಲ್ಲಿ ವೈರ್‌ವರ್ಮ್ ಇದೆಯೋ ಇಲ್ವೋ ಚೆಕ್ ಮಾಡೋದು. ನಮ್ಮ ಮಾವನೊಬ್ರು ಮೆಕ್ಕೆಜೋಳ ಸಾಲು ಖಾಲಿ ಬಿದ್ದಿದೆ ಅಂತ ಫೋನ್ ಮಾಡಿ "ನೋಡಪ್ಪಾ, ಅದೇನೋ ತಂತಿ ಹುಳ ಅಂತೆ, ಅಂಗಡಿಯವ್ರು ಒಂದು ಡಬ್ಬಿ ಕೊಟ್ಟವ್ರೆ, ಹಾಕ್ಲಾ?" ಅಂದ್ರು. "ಮಾವ, ಡಬ್ಬಿ ಪಕ್ಕಕ್ಕಿಡ್ರಿ, ಮೊದಲು ಬುಡ ಕೆದಕಿ ಹುಳ ಇದ್ರೆ ಫೋಟೋ ಕಳಿಸ್ರಿ" ಅಂದೆ. ಬಂದಿದ್ದು ಸಿ ಆಕಾರಕ್ಕೆ ಮುದುಡಿರೋ ದಪ್ಪ ಬಿಳಿ ಗೊಣ್ಣೆಹುಳ. ಬೀಜ ಹುಟ್ಟದೇ ಇರೋದಕ್ಕೆ ನೂರೆಂಟು ಕಾರಣ, ಗೊಣ್ಣೆಹುಳ, ಇಲಿ, ಹಕ್ಕಿ, ಬೀಜದ್ದೇ ದೋಷ, ಇವೆಲ್ಲ ಬಿಟ್ಟು ಸೀದಾ ವೈರ್‌ವರ್ಮ್ ತಲೆ ಮೇಲೆ ಹಾಕ್ಬಾರ್ದು.

ಸರಿಯಾಗಿ ತಿಳ್ಕೋಬೇಕಂದ್ರೆ ಬಿತ್ತನೆಗೆ ಎರಡು ವಾರ ಮುಂಚೆ ಹೀಗೆ ಮಾಡ್ರಿ. ಒಂದು ಹಿಡಿ ಮೆಕ್ಕೆಜೋಳ, ಒಂದು ಹಿಡಿ ಗೋಧಿ ರಾತ್ರಿ ನೆನೆಹಾಕಿ, ಔಷಧಿ ಲೇಪ ಮಾಡಿರೋ ಬೀಜ ಬೇಡ, ಮನೇಲಿ ತಿನ್ನೋದೇ ಆಗ್ಬೇಕು. ಹೊಲದಲ್ಲಿ ಅಲ್ಲಲ್ಲಿ ಅರ್ಧ ಗೇಣು ಆಳದ ಗುಂಡಿ ತೆಗೆದು ನೆನೆದ ಕಾಳು ಹಾಕಿ ಮಣ್ಣು ಮುಚ್ಚಿ, ಮೇಲೆ ಒಂದು ಕಪ್ಪು ಪ್ಲಾಸ್ಟಿಕ್ ಹಾಸಿ ಅಂಚಿಗೆ ಕಲ್ಲಿಡ್ರಿ, ಪಕ್ಕ ಒಂದು ಕೋಲು ನೆಡ್ರಿ ಇಲ್ಲಾಂದ್ರೆ ಆಮೇಲೆ ಗುಂಡಿ ಎಲ್ಲಿ ಅಂತ ನೀವೇ ಹುಡುಕ್ತಾ ಕೂರ್ತೀರ. ಕಾಳು ಮೊಳಕೆ ಒಡೆಯುವಾಗ ಇಂಗಾಲದ ಡೈಆಕ್ಸೈಡ್ ಬಿಡುತ್ತೆ, ವೈರ್‌ವರ್ಮ್ ಮಣ್ಣಲ್ಲಿ ಆಹಾರ ಹುಡುಕೋದೇ ಆ ವಾಸನೆ ಹಿಡ್ಕೊಂಡು. ಹತ್ತು ದಿನ ಬಿಟ್ಟು ಅಗೆದು ಆ ಮಣ್ಣನ್ನ ಗೋಣಿಚೀಲದ ಮೇಲೆ ಹರವಿ ಬೆರಳಲ್ಲಿ ಪುಡಿ ಮಾಡಿ ನೋಡ್ರಿ. ಮಣ್ಣು ಪೂರ್ತಿ ಒಣಗಿದ್ರೆ ಈ ಪರೀಕ್ಷೆ ಕೆಲಸ ಮಾಡಲ್ಲ, ಹುಳ ಕೆಳಗೆ ಇಳಿದಿರುತ್ತೆ, ಒಂದು ಹದ ಮಳೆ ಆಗಿರಬೇಕು.

ಸಿಕ್ಕ ಹುಳ ವೈರ್‌ವರ್ಮ್ ಹೌದಾ ಅಂತ ನೋಡೋದು ಹೀಗೆ. ಹಳದಿ ಕಂದು, ಹೊಳಪು, ಗಟ್ಟಿ, ಬೆರಳಲ್ಲಿ ಒತ್ತಿದ್ರೆ ಪಚಕ್ ಅನ್ನಲ್ಲ. ತಲೆ ಹತ್ರ ಮೂರೇ ಜೊತೆ ಪುಟ್ಟ ಕಾಲು, ಉದ್ದಕ್ಕೂ ಕಾಲಿದ್ರೆ ಅದು ಸಾವಿರ ಕಾಲಿನ ಹುಳ. ಬಾಲದ ತುದಿ ಕೆಲವಕ್ಕೆ ಚೂಪು, ಕೆಲವಕ್ಕೆ ಕವಲು, ಈ ತುದಿಯ ಫೋಟೋ ಬೇಕೇ ಬೇಕು, ಜೀನಸ್ ಹೇಳೋದು ಅದರಿಂದಲೇ. ಡಾರ್ಕ್ಲಿಂಗ್ ದುಂಬಿಯ ಮರಿಹುಳ ಇದೇ ತರ ಇರುತ್ತೆ, ಆದ್ರೆ ಅದರ ಮೀಸೆ ಸ್ವಲ್ಪ ಉದ್ದ ಎದ್ದು ಕಾಣುತ್ತೆ, ಮುಂದಿನ ಕಾಲು ದಪ್ಪ, ಮಣ್ಣಿನ ಮೇಲೆ ಬಿಟ್ರೆ ಚುರುಕಾಗಿ ಓಡುತ್ತೆ. ಒಂದೆರಡು ಸಿಕ್ಕಿದ ತಕ್ಷಣ ಗಾಬರಿ ಬೇಡ, ಕೆಲವು ವೈರ್‌ವರ್ಮ್ ಬೇರೆ ಹುಳಾನೇ ತಿಂದು ಬದುಕ್ತಾವೆ. ಪ್ರತಿ ಗುಂಡಿಯಲ್ಲೂ ಗುಂಪಾಗಿ ಸಿಕ್ರೆ ಮಾತ್ರ ಹುಳ ಡಬ್ಬಿಗೆ ಹಾಕ್ಕೊಂಡು ದಾವಣಗೆರೆಯವರು ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ, ಹಿರಿಯೂರು ಕಡೆಯವರು ಬಬ್ಬೂರು ಫಾರಂಗೆ ತಗೊಂಡು ಹೋಗಿ ತೋರಿಸ್ರಿ.

ಫೋಟೋ ವಿಚಾರ ಹೇಳಿ ಮುಗಿಸ್ತೀನಿ. ದುಂಬಿ ಒಂದು ಕಡೆ ನಿಲ್ಲಲ್ಲ, ಅದಕ್ಕೆ ಡಬ್ಬಿಗೆ ಹಾಕಿ ಫ್ರಿಡ್ಜಲ್ಲಿ ಐದು ನಿಮಿಷ ಇಡ್ರಿ, ಫ್ರೀಜರಲ್ಲಿ ಅಲ್ಲ, ಕೆಳಗೆ ತರಕಾರಿ ಜಾಗದಲ್ಲಿ. ಮನೇಲಿ ಬೈಸ್ಕೊಳ್ಳೋದು ಇದ್ದಿದ್ದೇ, ಡಬ್ಬಿ ಮೇಲೆ ಹೆಸರು ಬರೆದಿಡ್ರಿ. ಹೊರಗೆ ತೆಗೆದ ಮೇಲೆ ಸ್ವಲ್ಪ ಹೊತ್ತು ಮಂಕಾಗಿರುತ್ತೆ, ಅಷ್ಟರಲ್ಲಿ ಮೇಲಿಂದ ಒಂದು, ಮೂಲೆಗಳ ಚೂಪು ಕಾಣಬೇಕು, ಹೊಟ್ಟೆ ಕಡೆಯಿಂದ ಒಂದು, ಮುಳ್ಳು ಕುಳಿ ಕಾಣಬೇಕು, ಪಕ್ಕದಿಂದ ಮೀಸೆ ಕಾಣೋ ಹಂಗೆ ಒಂದು, ಪಕ್ಕ ಸ್ಕೇಲ್ ಇಡ್ರಿ. ಫೋನಿಗೆ ಹಾಕೋ ಕ್ಲಿಪ್ ಮ್ಯಾಕ್ರೋ ಲೆನ್ಸ್ ಇದ್ರೆ ಸಾಕು, ಕ್ಯಾಮೆರಾ ಬೇಡ. ಐನ್ಯಾಚುರಲಿಸ್ಟ್‌ಗೆ (ಗಿಡ, ಹುಳ, ಪ್ರಾಣಿ ಫೋಟೋ ಹಾಕಿ ಗುರುತು ಹಿಡಿಸೋ ಆಪ್) ಹಾಕುವಾಗ ಬರೀ ಜಿಲ್ಲೆ ಹೆಸರು ಹಾಕ್ಬೇಡಿ, ಮ್ಯಾಪಲ್ಲಿ ಜಾಗ ಸರಿಯಾಗಿ ಗುರುತು ಮಾಡಿ, ಕೆಂಪು ಮಣ್ಣೋ ಎರೆಯೋ, ಅಡಿಕೆ ತೋಟವೋ ಕುರುಚಲು ಕಾಡೋ, ಲೈಟಿಗೆ ಬಂದಿದ್ದೋ ತೊಗಟೆ ಅಡಿ ಸಿಕ್ಕಿದ್ದೋ ಬರೀರಿ, ಭದ್ರಾ ನಾಲೆ ಕೆಳಗಿನ ಗದ್ದೆ ಬಯಲಿನ ಹುಳಕ್ಕೂ ಮೊಳಕಾಲ್ಮೂರಿನ ಒಣ ಗುಡ್ಡದ ಹುಳಕ್ಕೂ ವ್ಯತ್ಯಾಸ ಗೊತ್ತಾಗೋದು ಹಂಗೆ ಬರೆದಾಗಲೇ. ಜೋಗಿಮಟ್ಟಿ, ಜಗಳೂರಿನ ರಂಗಯ್ಯನದುರ್ಗ ಇವೆಲ್ಲ ವನ್ಯಜೀವಿ ಧಾಮ, ಅಲ್ಲಿಂದ ಅರಣ್ಯ ಇಲಾಖೆ ಪರ್ಮಿಷನ್ ಇಲ್ದೆ ಒಂದು ಹುಳಾನೂ ಡಬ್ಬಿಗೆ ಹಾಕೋ ಹಂಗಿಲ್ಲ, ಜನರನ್ನ ಓಡಾಡೋಕೆ ಬಿಟ್ಟಿರೋ ಕಡೆ ಮಾತ್ರ ಹೋಗಿ ಫೋಟೋ ಹೊಡ್ಕೊಂಡು ಬನ್ನಿ. ನಿಮ್ಮ ಹೊಲದಲ್ಲಿ ಸತ್ತು ಬಿದ್ದಿರೋ ಒಳ್ಳೇ ಸ್ಥಿತಿಯ ದುಂಬಿ ಸಿಕ್ರೆ ಎಸೀಬೇಡಿ, ಒಣಗಿಸಿ ಸಣ್ಣ ಡಬ್ಬೀಲಿ ಹತ್ತಿ ಹಾಕಿ ಇಡ್ರಿ, ಜೊತೆಗೆ ಊರು, ತಾರೀಖು, ಎಲ್ಲಿ ಸಿಕ್ತು ಅಂತ ಪೆನ್ಸಿಲಲ್ಲಿ ಬರೆದ ಚೀಟಿ, ಪೆನ್ನಲ್ಲಿ ಬರೆದ್ರೆ ಶಾಯಿ ಹರಡುತ್ತೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಕೀಟಗಳ ರಾಷ್ಟ್ರೀಯ ಬ್ಯೂರೋ ಐತೆ, ಜಾತಿ ಮಟ್ಟಕ್ಕೆ ಗುರುತು ಹಿಡಿಸಬೇಕು ಅಂದಾಗ ಚೀಟಿ ಇಲ್ದಿರೋ ಹುಳ ಯಾರೂ ಮುಟ್ಟಲ್ಲ.